ಹೊಸತೊಡಕಿನ ದಿನ ಬೆಟ್ಟಮ್ಮ ಕೈಕಟ್ಟಿ ಕೂತದ್ದು

ಯುಗಾದಿಯ ಮಾರನೇ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಅನ್ನುವ ಮಾತನ್ನು ಮಂಡ್ಯ ಸೀಮೆಯಲ್ಲಿ ಅನುಮಾನಿಸುವವರು ಯಾರೂ ಇಲ್ಲ. ದೇವರಿದ್ದಾನೋ ಇಲ್ಲವೋ ಅಂತ ಬೇಕಾದರೆ ಅರಳಿಕಟ್ಟೆಯ ಮೇಲೆ ಕೂತು ಹೊತ್ತು ಮುಳುಗುವ ತನಕ ವಾದ ಮಾಡಿಯಾರು, ಇದರ ತಂಟೆಗೆ ಮಾತ್ರ ಹೋಗುವುದಿಲ್ಲ. ಹಾಗಾಗಿ ಹೊಸತೊಡಕಿನ ದಿನ ಬಾಡೂಟ ತಪ್ಪಿಸುವಂತಿಲ್ಲ, ಕಣ್ಣೀರು ಹಾಕುವಂತಿಲ್ಲ, ಜಗಳವನ್ನಂತೂ ಆಡುವಂತೆಯೇ ಇಲ್ಲ. ಈ ಕೊನೆಯದೇ ಪ್ರಾಣಸಂಕಟ. ನಮ್ಮ ಕಡೆಯವರಿಗೆ ಮೆಲ್ಲಗೆ ಮಾತಾಡಿ ಅನ್ನುವುದೂ ಒಂದೇ, ಉಸಿರು ಬಿಗಿಹಿಡಿದು ಕೂತುಕೊಳ್ಳಿ ಅನ್ನುವುದೂ ಒಂದೇ. ಆದರೂ ಆ ಒಂದು ದಿನ ಗಂಡಹೆಂಡಿರು, ದಾಯಾದಿಗಳು, ಒಂದೇ ಕಾಲುವೆಯ ನೀರಿಗೆ ಗುದ್ದಲಿ ಎತ್ತುವ ನೆರೆಹೊರೆಯವರು, ಎಲ್ಲರೂ ಹಲ್ಲು ಕಚ್ಚಿಕೊಂಡು ನಗುನಗುತ್ತಾ ಇರುತ್ತಾರೆ.

ಕಿರುಗಾವಲಿನ ಬೆಟ್ಟಮ್ಮ ಈ ಮಾತನ್ನು ಹುಟ್ಟಿದಾಗಿನಿಂದ ಕೇಳಿಕೊಂಡೇ ಬಂದವಳು. ಆದರೆ ಅದು ತಲೆಗೆ ಹತ್ತಿದ್ದು ಈ ಸಲದ ಯುಗಾದಿಯ ಸಂಜೆ, ಹಿತ್ತಲಲ್ಲಿ ಕೂತು ಒಬ್ಬಟ್ಟಿನ ಕಾವಲಿ ಉಜ್ಜುತ್ತಿದ್ದಾಗ. ಗಂಡ ಬೋರಯ್ಯ ಮುಂದಿನ ಜಗಲಿಯ ಮೇಲೆ ಕೂತು ಪಕ್ಕದ ಮನೆಯ ಪುಟ್ಟಮಾದಯ್ಯನಿಗೆ ಬುದ್ಧಿ ಹೇಳುತ್ತಿದ್ದ. ಬೋರಯ್ಯ ಜಗಲಿಯಲ್ಲಿ ಗುಟ್ಟು ಹೇಳಿದರೆ ಹಿತ್ತಲಿಗೆ ಸ್ಪಷ್ಟವಾಗಿ ಕೇಳುತ್ತದೆ, ಅಂಥ ಗಂಟಲು.

"ಓದ್ ವರ್ಸ ಒಸತೊಡ್ಕು ದಿನ ಇಸ್ಪೀಟಲ್ಲಿ ನೀನ್ ಸೋತೆ ನೋಡು, ವರ್ಸವೆಲ್ಲ ಸೋತೆ. ಆವತ್ತು ಏನ್ ಮಾಡ್ತೀಯೋ ಅದೇ ಕಣ್ಲಾ ವರ್ಸ ಪೂರ್ತಿ ನಿನ್ನ ಅಣೇಲಿ ಬರ್ದಿರೋದು. ನಾಳೀಕೆ ಉಷಾರಾಗಿರು."

ಬೆಟ್ಟಮ್ಮನ ಕೈ ಕಾವಲಿಯ ಮೇಲೆ ನಿಂತುಬಿಟ್ಟಿತು. ಹೋದ ವರ್ಷ ಆ ದಿನ ತಾನೇನು ಮಾಡಿದ್ದೆ? ಬೇಯಿಸಿದ್ದೆ. ಅದರ ಹಿಂದಿನ ವರ್ಷ? ಬೇಯಿಸಿದ್ದೆ. ಅದರ ಹಿಂದಿನದ್ದು? ಜ್ವರ ಬಂದಿತ್ತು, ಜ್ವರದಲ್ಲೇ ಬೇಯಿಸಿದ್ದೆ. ಮದುವೆಯಾಗಿ ಬಂದ ಮೊದಲ ಹೊಸತೊಡಕಿನಿಂದಲೂ ಅವಳು ಆ ದಿನ ಒಲೆ ಮುಂದೆ ಕೂತಿದ್ದಾಳೆ, ವರ್ಷ ಪೂರ್ತಿ ಒಲೆ ಮುಂದೆಯೇ ಕೂತಿದ್ದಾಳೆ. ಅಯ್ಯೋ ನನ್ನ ಬುದ್ಧಿಗಿಷ್ಟು, ಮಾತು ಸುಳ್ಳಾಗಿದ್ದರೆ ಅಲ್ಲವೇ ಅನುಮಾನ ಪಡುವುದು ಅಂದುಕೊಂಡಳು.

ಹೊಸತೊಡಕಿಗೆ ಇವರ ಮನೆಯವರೆಲ್ಲ ಬೆಳಕವಾಡಿಯ ಆಚೆ ಕಾವೇರಿ ಹೊಳೆದಂಡೆಗೆ ಹೋಗುವುದು ವಾಡಿಕೆ. ಮೊದಲು ಅದಕ್ಕೆ ಹೊಳೆಗೆ ಹೋಗೋದು ಅನ್ನುತ್ತಿದ್ದರು. ಮಗ ರಘುನಂದನ್‌ಗೆ ಮಳವಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಔಟಿಂಗ್ ಅನ್ನುತ್ತಾರೆ. ಹೆಸರು ಬದಲಾಯಿತೇ ಹೊರತು ಸಾಮಾನು ಬದಲಾಗಲಿಲ್ಲ. ಹಿಟ್ಟಿನ ಪಾತ್ರೆ, ಮುದ್ದೆ ತೊಳಸುವ ಹಿಟ್ಟಿನ ಕೋಲು, ರಾಗಿಹಿಟ್ಟಿನ ಡಬ್ಬ, ಸೌದೆ, ಈಳಿಗೆಮಣೆ, ಊರವರು ಸೇರಿ ಕೊಯ್ದು ಹಂಚಿಕೊಂಡ ಗುಡ್ಡೆ ಮಾಂಸದ ಪಾಲು, ಇವೆಲ್ಲ ಟೆಂಪೊ ಹತ್ತಿದ ಮೇಲೆ ಉಳಿದ ಜಾಗದಲ್ಲಿ ಜನ ಹತ್ತುತ್ತಾರೆ. ಅಲ್ಲಿ ಹೊಂಗೆಯ ಮರಗಳು ಹೊಸ ಚಿಗುರು ಬಿಟ್ಟು ನೆಲಕ್ಕೆಲ್ಲ ತಂಪು ಚೆಲ್ಲಿರುತ್ತವೆ. ಗಂಡಸರು ನೀರಿಗೆ ಬೀಳುತ್ತಾರೆ, ಇಸ್ಪೀಟು ಹಾಕುತ್ತಾರೆ, ಬುಟ್ಟಿಯಂಥ ದುಂಡು ತೆಪ್ಪದಲ್ಲಿ ಕೂತು ನಡುಹೊಳೆಗೆ ಹೋಗಿ ಕೂಗು ಹಾಕಿ ಬರುತ್ತಾರೆ. ಹೆಂಗಸರು ಮನೆಯ ಒಲೆಯ ಬದಲು ಮೂರು ಕಲ್ಲಿನ ಒಲೆಯ ಮುಂದೆ ಕೂರುತ್ತಾರೆ. ಅವರ ಔಟಿಂಗ್ ಅಂದರೆ ಅಷ್ಟೇ, ಹೊಗೆ ಬೇರೆ ದಿಕ್ಕಿನಿಂದ ಬರುತ್ತದೆ.

ಬೆಟ್ಟಮ್ಮನಿಗೆ ಆ ತೆಪ್ಪದ ಮೇಲೆ ಬಹಳ ದಿನದಿಂದ ಕಣ್ಣು. ದೊಡ್ಡ ಆಸೆಯೇನಲ್ಲ; ಒಂದು ಸಲ ಕೂತು ನಡುನೀರಿಗೆ ಹೋಗಿ ಬರಬೇಕು, ಅಷ್ಟೆ. ಆದರೆ ತೆಪ್ಪ ಹಾಕುವ ಕರಿಯಯ್ಯನೂ ನಮ್ಮ ನಿಮ್ಮ ಹಾಗೆ ಮನುಷ್ಯ, ಅವನಿಗೂ ಹೊಸತೊಡಕು. ಮಧ್ಯಾಹ್ನವಾದರೆ ತೆಪ್ಪ ಮಗುಚಿಟ್ಟು ಮನೆಗೆ ಉಣ್ಣಲು ಹೋಗುತ್ತಾನೆ. ಇವಳು ಬೇಯಿಸಿ, ಬಡಿಸಿ, ಉಂಡು, ಪಾತ್ರೆ ತೊಳೆದು ತಲೆ ಎತ್ತುವ ಹೊತ್ತಿಗೆ ದಂಡೆಯ ಮೇಲೆ ತೆಪ್ಪದ ಬೆನ್ನು ಮಾತ್ರ ಕಾಣುತ್ತಿತ್ತು.

ಕೈ ತೊಳೆದುಕೊಂಡು ಬೆಟ್ಟಮ್ಮ ನೆಟ್ಟಗೆ ಜಗಲಿಗೆ ಬಂದಳು.

"ನೋಡಿ, ನಾಳೆ ನಾನು ಒಲೆ ಮುಟ್ಟಾಕಿಲ್ಲ. ಸೌಟು ಮುಟ್ಟಾಕಿಲ್ಲ. ಒಳೆಗೆ ಬತ್ತೀನಿ, ತೆಪ್ಪದಲ್ಲಿ ಕುಂತ್ಕತ್ತೀನಿ, ಬತ್ತೀನಿ."

ಬೋರಯ್ಯ ನಕ್ಕ. ಪುಟ್ಟಮಾದಯ್ಯನೂ ನಕ್ಕ. "ಏನಮ್ಮಿ, ಮೈಗೆ ಉಷಾರಿಲ್ವಾ?" ಅಂದ ಬೋರಯ್ಯ.

"ಉಷಾರಾಗೇ ಇವ್ನಿ. ಆವತ್ತು ಏನ್ ಮಾಡ್ತೀವೋ ಅದೇ ವರ್ಸವೆಲ್ಲ ಅಂತ ಈಗ ತಾನೇ ನೀವೇ ಏಳುದ್ರಲ್ಲ. ನಾನು ನಾಳೆ ಸುಮ್ಕೆ ಕುಂತ್ಕಂಡ್ರೆ ವರ್ಸವೆಲ್ಲ ಸುಮ್ಕೆ ಕುಂತಿರ್ತೀನಿ."

ಇಷ್ಟು ಹೇಳಿ ಒಳಗೆ ಹೋದಳು. ಬೋರಯ್ಯ ಇನ್ನೂ ಸ್ವಲ್ಪ ಹೊತ್ತು ನಕ್ಕ. ಆಮೇಲೆ ನಗು ನಿಂತಿತು. ಪುಟ್ಟಮಾದಯ್ಯ ಮೆಲ್ಲಗೆ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಬೋರಣ್ಣ, ಇದು ಆಟವಲ್ಲ ಕಣಣ್ಣ. ಅಂಗೇನಾರ ಆಗ್ಬುಟ್ರೆ?" ಅಂದ. ಬೋರಯ್ಯ ಲೆಕ್ಕ ಹಾಕಿದ. ಹೆಂಡತಿ ಒಂದು ದಿನ ಅಡಿಗೆ ಮಾಡದಿದ್ದರೆ ಹೋಟೆಲಿದೆ. ಒಂದು ವರ್ಷ ಮಾಡದಿದ್ದರೆ? ಮುಂದಿನ ಯುಗಾದಿ ಬರುವ ತನಕ ಆಕೆ ಚಾಪೆಯ ಮೇಲೆ ಕೂತಿರುವುದೂ ತಾನು ಒಲೆ ಊದುತ್ತಿರುವುದೂ ಅವನ ಕಣ್ಣಿಗೆ ಕಟ್ಟಿತು.

ಬೆಳಿಗ್ಗೆ ಎದ್ದರೆ ಬೆಟ್ಟಮ್ಮ ಹೊಸ ಸೀರೆ ಉಟ್ಟು, ಹೂ ಮುಡಿದು, ಜಗಲಿಯ ಮೇಲೆ ಕೂತಿದ್ದಾಳೆ. ಕಾಫಿ ಇಲ್ಲ. ಬೋರಯ್ಯ ಅಡಿಗೆಮನೆಗೆ ಒಮ್ಮೆ ಇಣುಕಿ, ಒಲೆ ತಣ್ಣಗಿರುವುದನ್ನು ನೋಡಿ, ಕೂಗಬೇಕೆಂದು ಬಾಯಿ ತೆರೆದವನು ಯಾವ ದಿನ ಅನ್ನುವುದು ನೆನಪಾಗಿ ಮುಚ್ಚಿಕೊಂಡ. ಆಮೇಲೆ ಜೇನು ಸುರಿಯುವಂಥ ದನಿಯಲ್ಲಿ, "ಅಮ್ಮಿ, ಸಕ್ರೆ ಎಲ್ಲದವ್ವ?" ಅಂದ.

"ಎಡಗಡೆ ಗೂಡಲ್ಲಿ ಅದೆ ಕಣಿ," ಅಂದಳು ಬೆಟ್ಟಮ್ಮ, ಅಷ್ಟೇ ಜೇನಿನ ದನಿಯಲ್ಲಿ.

ಸೊಸೆ ಅರ್ಪಿತ ಮದ್ದೂರಿನ ಕಡೆಯವಳು, ಮಳವಳ್ಳಿಯ ಒಂದು ಲ್ಯಾಬಿನಲ್ಲಿ ಕೆಲಸ. ಮನೆಯಲ್ಲಿ ನಡೆಯುತ್ತಿರುವ ಈ ಪ್ರೀತಿ ನೋಡಿ ಅವಳಿಗೆ ದಿಗಿಲಾಯಿತು. "ಅತ್ತೆ, ನಾನೇ ಮಾಡ್ತೀನಿ ಬಿಡಿ," ಅಂತ ಎದ್ದಳು. ಬೆಟ್ಟಮ್ಮ ಅವಳ ಸೆರಗು ಹಿಡಿದು ಕೂರಿಸಿದಳು. "ಲೇ ಉಚ್ಚಿ, ನಾನು ಬುಟ್ಟಿದ್ದನ್ನ ನೀನ್ ಇಡ್ಕೋಬ್ಯಾಡ. ಒಂದ್ಸಲ ಇಡ್ಕಂಡ್ರೆ ಕೈ ಬುಡಾಕಿಲ್ಲ ಅದು. ಕುಂತ್ಕೋ." ಅರ್ಪಿತ ಕೂತಳು. ಹೀಗೆ ಒಲೆಗೆ ವಾರಸುದಾರರಿಲ್ಲದಂತಾಯಿತು.

ಟೆಂಪೊ ಅದೇ ಊರಿನ ಅಶ್ಫಾಕನದು. ಅದೇ ದಿನ ರಂಜಾನ್ ಹಬ್ಬವೂ ಬಿದ್ದಿದ್ದರಿಂದ ಅವನು ಹೊಸ ಬಿಳಿ ಜುಬ್ಬ ಹಾಕಿಕೊಂಡು ಬಂದು ಬೀಗದ ಕೈ ಕೊಟ್ಟು, ಬೆಟ್ಟಮ್ಮನ ಕೈಗೆ ಒಂದು ಡಬ್ಬಿ ಸುರಕುಂಬ, ಅವರ ಹಬ್ಬದ ಶ್ಯಾವಿಗೆ ಪಾಯಸ, ಇಟ್ಟು ಹೋದ. ಬೆಟ್ಟಮ್ಮ ಡಬ್ಬಿ ಬಿಚ್ಚಿ, ಅತ್ತೆ ಪಟ್ಟಲಮ್ಮನಿಗೂ ಸೊಸೆಗೂ ಕೊಟ್ಟು, ತಾನೂ ಕುಡಿದಳು. ಬೇರೆಯವರು ಮಾಡಿದ್ದನ್ನು ಕೂತಲ್ಲೇ ಕುಡಿಯುವುದು ಇಷ್ಟು ಸುಖವೇ ಅಂತ ಆಶ್ಚರ್ಯಪಟ್ಟಳು.

ರಘುನಂದನ್ ಟೆಂಪೊ ಓಡಿಸಿದ. ಬೋರಯ್ಯನ ತಮ್ಮ ಮರಿಸಿದ್ದಯ್ಯ ಹಿಂದೆ ಸಾಮಾನಿನ ಜೊತೆ ಕೂತು, "ಅಡ್ಗೆ ಏನ್ ಬ್ರಹ್ಮವಿದ್ಯೆಯಾ? ನಾನು ಮಾಡ್ತೀನಿ ಬುಡಣ್ಣ. ಎಂಗಸ್ರು ಸುಮ್ಕೆ ದೊಡ್ಡದು ಮಾಡ್ತಾರೆ," ಅಂತ ಮಳವಳ್ಳಿ ದಾಟುವ ತನಕ ಹೇಳಿಕೊಂಡು ಬಂದ. ಅವನ ಹೆಂಡತಿ ಹಬ್ಬಕ್ಕೆ ತವರಿಗೆ ಹೋಗಿದ್ದಳು, ಹಾಗಾಗಿ ಅದನ್ನು ಹೇಳುವ ಧೈರ್ಯವಿತ್ತು.

ಹೊಳೆದಂಡೆಯಲ್ಲಿ ಬೆಟ್ಟಮ್ಮ ಹೊಂಗೆಮರದ ಕೆಳಗೆ ಚಾಪೆ ಹಾಸಿಸಿಕೊಂಡು ಕೂತಳು. ಪಟ್ಟಲಮ್ಮನಿಗೆ ಪ್ಲಾಸ್ಟಿಕ್ ಕುರ್ಚಿ. ತೆಪ್ಪದ ಹತ್ತಿರ ಆಗಲೇ ಬೆಂಗಳೂರಿನ ಕಾರುಗಳವರು, ಮಳವಳ್ಳಿಯ ಹುಡುಗರು ಸೇರಿದ್ದರು. ಕರಿಯಯ್ಯ ಇವರನ್ನು ಕಂಡು, "ಈ ಜನ ತೀರ್ಲಿ ಕಣವ್ವ, ಕರೀತೀನಿ. ಮದ್ಯಾನ ಆದ್ಮೇಲೆ ಮಾತ್ರ ನಾ ನಿಲ್ಲಾಕಿಲ್ಲ," ಅಂದಿದ್ದ. ಸರಿ, ಕಾಯೋಣ ಅಂತ ಬೆಟ್ಟಮ್ಮ ಕಾಲು ಚಾಚಿದಳು.

ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸ ಅನ್ನುವುದು ಅವಳಿಗೆ ಆಗ ಗೊತ್ತಾಯಿತು. ಕೂತಿದ್ದಾಳೆ ಸರಿ, ಕೈ ಕೂರಬೇಕಲ್ಲ! ಚಾಪೆಯ ಮೇಲೆ ಬಿದ್ದ ಹೊಂಗೆ ಹೂವನ್ನು ಒಂದೊಂದೇ ಆರಿಸಿತು. ಹುಲ್ಲು ಕಿತ್ತಿತು. ಸಣ್ಣ ಕಲ್ಲುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿ ಬದಿಗೆ ಗುಡ್ಡೆ ಹಾಕಿತು. ಅರ್ಪಿತ ನೋಡಿ ನಕ್ಕು, "ಅತ್ತೆ, ಕೈಕಟ್ಕಳಿ," ಅಂದಳು. ಬೆಟ್ಟಮ್ಮ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಳು. ಆದರೆ ಕಣ್ಣು? ಅದು ಒಲೆಯ ಕಡೆಗೇ ಓಡುತ್ತಿತ್ತು.

ಒಲೆಯ ಕಡೆ ನೋಡುವಂತಿರಲಿಲ್ಲ. ಗಂಡಸರು ಕಲ್ಲುಗಳನ್ನು ಗಾಳಿಗೆ ಅಡ್ಡಲಾಗಿ ಇಡುವ ಬದಲು ಗಾಳಿಗೆ ಬಾಯಿ ತೆರೆದು ಇಟ್ಟಿದ್ದರು. ಬೆಂಕಿ ಸೌದೆಯನ್ನು ಬಿಟ್ಟು ಬೋರಯ್ಯನ ಮೀಸೆಯ ಕಡೆಗೆ ಬರುತ್ತಿತ್ತು. ರಘುನಂದನ್ ಒಂದು ಕೈಯಲ್ಲಿ ಮೊಬೈಲು ಹಿಡಿದು, ಅದರಲ್ಲಿ ಯಾವಳೋ ಹೇಳಿದ ಹಾಗೆ ಈರುಳ್ಳಿ ಹೆಚ್ಚುತ್ತಿದ್ದ. ಅವಳು ಹೇಳುವಷ್ಟರಲ್ಲಿ ಇವನ ಬೆರಳು ಕೊಯ್ದಿತ್ತು. ಮರಿಸಿದ್ದಯ್ಯ ಮಾಂಸಕ್ಕೆ ಖಾರ ಹಾಕಿ, ಉಪ್ಪು ಹಾಕಿ, ಸ್ವಲ್ಪ ಹೊತ್ತಾದ ಮೇಲೆ ಉಪ್ಪು ಹಾಕಿದ್ದು ಮರೆತು ಮತ್ತೆ ಉಪ್ಪಿನ ಡಬ್ಬಕ್ಕೆ ಕೈ ಹಾಕುವುದು ಕಂಡಿತು. ಬೆಟ್ಟಮ್ಮನ ನಾಲಿಗೆ ತುದಿಗೆ "ಲೋ ಸಿದ್ದ" ಅನ್ನುವುದು ಬಂದು ನಿಂತಿತು. ನುಂಗಿಕೊಂಡಳು. ಮಾತಿನಲ್ಲಿ ಅಡಿಗೆ ಮಾಡಿಸಿದರೆ ಅದೂ ಮಾಡಿದ ಹಾಗೇ ಅಲ್ಲವೇ? ವರ್ಷವೆಲ್ಲ ಇವರ ಬೆನ್ನ ಹಿಂದೆ ನಿಂತು ಉಪ್ಪು ನೋಡುವ ಹಣೆಬರಹ ಅಂಟಿಕೊಂಡರೆ ಅದು ಬೇಯಿಸುವುದಕ್ಕಿಂತ ಕಡೆ.

ಬೋರಯ್ಯ ಕಣ್ಣೀರು ಒರೆಸಿಕೊಳ್ಳುತ್ತಾ ಬಂದ. "ಅಳ್ತಾ ಇಲ್ಲ ಕಣಮ್ಮಿ, ಒಗೆ," ಅಂತ ಮೊದಲೇ ಹೇಳಿಕೊಂಡ, ಯಾಕೆಂದರೆ ಅಂದು ಅತ್ತರೆ ವರ್ಷವೆಲ್ಲ ಅಳು. ಆಮೇಲೆ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ಎಸರು ಕುದೀತಾ ಅದೆ. ನೀನು ಅಡ್ಗೆ ಮಾಡ್ಬ್ಯಾಡ ಬುಡು, ಯಾರ್ ಮಾಡು ಅಂದ್ರು? ಸಾಸ್ತ್ರಕ್ಕೆ ಒಂದ್ಸಲ ಇಟ್ಟಿನ್ ಕೋಲು ಮುಟ್ಬುಡು. ಒಂದೇ ಸಲ. ಬೆಳ್ಳಲ್ಲಿ."

"ಬ್ಯಾಡಿ."

"ನಾನು ಇಡ್ಕಂಡಿರ್ತೀನಿ, ನೀನು ಮ್ಯಾಲೆ ಕೈ ಇಕ್ಕು ಸಾಕು."

"ಎಷ್ಟ್ ಒಳ್ಳೇರು ನೀವು," ಅಂದಳು ಬೆಟ್ಟಮ್ಮ ನಗುನಗುತ್ತಾ. "ಬ್ಯಾಡಿ."

ಬೋರಯ್ಯನ ನಗು ಅಲ್ಲಲ್ಲಿ ಬಿರುಕು ಬಿಟ್ಟಿತು. ಅತ್ತಿತ್ತ ನೋಡಿ, ದನಿ ಇಳಿಸಿ, "ನಿಜವಾಗ್ಲೂ ಎದ್ರಿಕೆ ಆಯ್ತದೆ ಕಣಮ್ಮಿ. ನೀನು ವರ್ಸವೆಲ್ಲ ಇಂಗೇ ಕುಂತ್ಬುಟ್ರೆ ನಮ್ ಗತಿ ಏನು?" ಅಂದ.

ಬೆಟ್ಟಮ್ಮ ಗಂಡನ ಮುಖ ನೋಡಿದಳು. ಅಣಕವಿರಲಿಲ್ಲ, ನಿಜವಾದ ಹೆದರಿಕೆಯೇ ಇತ್ತು. ಅವಳಿಗೆ ಅಯ್ಯೋ ಅನ್ನಿಸಿತು. ಜೊತೆಗೇ ರೇಗಿತು. ಇಷ್ಟು ವರ್ಷ ತಾನು ಏಳದೇ ಕೂತಿದ್ದ ಒಲೆಯ ಮುಂದೆ ಇವನಿಗೆ ಒಂದು ಮಧ್ಯಾಹ್ನಕ್ಕೇ ಗತಿ ಇಲ್ಲದಂತಾಗಬೇಕೇ! ರೇಗಿದ್ದನ್ನು ತೋರಿಸುವಂತಿಲ್ಲವಲ್ಲ ಅಂತ ಇನ್ನೂ ರೇಗಿತು. "ಓಗಿ, ಎಸರು ಉಕ್ತಾ ಅದೆ," ಅಂದಳು ಮೆಲ್ಲಗೆ. ಬೋರಯ್ಯ ಓಡಿದ.

ಅವನು ಸೋಲೊಪ್ಪುವ ಆಸಾಮಿಯಲ್ಲ. ಸ್ವಲ್ಪ ಹೊತ್ತಿಗೆ ತನ್ನ ತಾಯಿಯ ಕುರ್ಚಿಯ ಹಿಂದೆ ಬಗ್ಗಿ ಏನೋ ಪಿಸುಗುಟ್ಟುತ್ತಿದ್ದುದು ಕಂಡಿತು. ಪಟ್ಟಲಮ್ಮನಿಗೆ ಎಂಬತ್ತರ ಮೇಲಾಗಿದೆ, ಕಿವಿ ಮಂದ, ಹಾಗಾಗಿ ಪಿಸುಮಾತನ್ನೂ ಮೂರು ಸಲ ಹೇಳಬೇಕಾಯಿತು. ಬೋರಯ್ಯ ಆಚೆ ಹೋದದ್ದೇ ತಡ ಮುದುಕಿ ನರಳುವ ದನಿ ತೆಗೆದಳು. "ಬೆಟ್ಟೀ... ಅಸೀತಾ ಅದೆ ಕಣವ್ವ. ಒಂದ್ ತುತ್ತು ಇಟ್ಟು ಒಳೀಕ್ ಓದ್ರೆ ಜೀವ ನಿಲ್ತದೆ."

ಇದು ಮಾತ್ರ ನಾಟಿತು. ಗಂಡ ಹಸಿದುಕೊಂಡಿರಲಿ, ಮಗ ಬೆರಳು ಕೊಯ್ದುಕೊಳ್ಳಲಿ, ಮುದಿಜೀವ ಹಸಿವು ಅಂದರೆ ಕೂತಿರುವುದು ಹೇಗೆ? ಒಲೆಯ ಕಡೆ ನೋಡಿದಳು. ಮರಿಸಿದ್ದಯ್ಯ ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿಯಲು ಹೋಗಿ ಸುಟ್ಟುಕೊಂಡು ಕುಣಿಯುತ್ತಿದ್ದ. ಒಳಗೆ ಹಿಟ್ಟು ಗಂಟುಗಂಟಾಗಿ ಕೂತಿರುವುದು ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಇವರು ತೊಳಸಿ ಮುಗಿಸುವ ಹೊತ್ತಿಗೆ ಮುದುಕಿ ಸೊರಗಿಹೋಗುತ್ತಾಳೆ. ತಾನು ಎದ್ದರೆ ಚಿಟಿಕೆ ಹೊಡೆಯುವುದರಲ್ಲಿ ಮುದ್ದೆ.

ಬೆಟ್ಟಮ್ಮ ಎದ್ದಳು. "ಅತ್ತೆ..." ಅಂತ ಅರ್ಪಿತ ಕೈ ಹಿಡಿದಳು. ಬೆಟ್ಟಮ್ಮ ಬಿಡಿಸಿಕೊಂಡಳು. ಒಲೆಯ ಹತ್ತಿರ ಗಂಡಸರೆಲ್ಲ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು. ಬೋರಯ್ಯ ಹಿಟ್ಟಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. ಅವನ ಮುಖದಲ್ಲಿ ಬೆಳಿಗ್ಗೆಯಿಂದ ಮೊದಲ ಸಲ ನಿಜವಾದ ನಗು ಮೂಡಿತ್ತು.

"ಕಡೇ ತೆಪ್ಪಾ ಕಣ್ರವ್ವಾ!" ಅಂತ ಹೊಳೆಯ ಕಡೆಯಿಂದ ಕರಿಯಯ್ಯ ಕೂಗಿದ. "ಬರೋರ್ ಬನ್ನಿ, ನಾನು ಉಣ್ಣಾಕೆ ಓಯ್ತೀನಿ."

ಬೆಟ್ಟಮ್ಮನ ಕೈ ಕೋಲಿನಿಂದ ಗೇಣುದ್ದ ದೂರದಲ್ಲಿತ್ತು. ಹೊಳೆಯ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು. ಈ ಸಲವೂ ಇಷ್ಟೇ ಅಂದುಕೊಂಡಳು.

ಕರಿಯಯ್ಯನ ಕೂಗು ಪಟ್ಟಲಮ್ಮನ ಮಂದ ಕಿವಿಗೂ ಬಿದ್ದಿತ್ತು. "ಯಾರದು ಬಡ್ಕಳದು? ಏನಂತೆ?" ಅಂದಳು ಮುದುಕಿ.

"ತೆಪ್ಪದೋನು ಕಣಜ್ಜಿ," ಅಂದಳು ಅರ್ಪಿತ. "ಕೊನೇ ಸಲ ಹೊರಡ್ತಾನಂತೆ."

"ಎಲ್ಲಿಗೆ ಓಯ್ತದೆ ಅದು?"

"ಎಲ್ಲಿಗೂ ಇಲ್ಲ. ನಡೂ ನೀರಿಗೆ ಹೋಗಿ ಒಂದು ಸುತ್ತು ಸುತ್ತಿ ವಾಪಸ್ ಬರುತ್ತೆ."

"ಎಲ್ಲಿಗೂ ಓಗ್ದೆ ಇರೋದಕ್ಕಾ ಇವೆಲ್ಲ ಇಂಗೆ ಸಾಯ್ತಾ ಇರಾದು?" ಪಟ್ಟಲಮ್ಮ ಹುಬ್ಬಿಗೆ ಕೈ ಇಟ್ಟು ಹೊಳೆಯ ಕಡೆ ನೋಡಿದಳು. ನೋಡಿಯೇ ನೋಡಿದಳು. ಈ ಮನೆಯ ಸೊಸೆಯಾಗಿ ಬಂದಾಗಿನಿಂದ ಅವಳೂ ಇದೇ ದಂಡೆಗೆ ಬಂದವಳು. ಬೆಟ್ಟಮ್ಮ ಬರುವ ತನಕ ಈ ಮೂರು ಕಲ್ಲಿನ ಮುಂದೆ ಕೂತವಳೂ ಅವಳೇ, ಆಮೇಲೆ ಬೆಟ್ಟಮ್ಮನನ್ನು ಕೂರಿಸಿದವಳೂ ಅವಳೇ. ಮುದುಕಿ ಕೋಲೂರಿ ಎದ್ದು ನಿಂತಳು. "ನಡಿಯವ್ವ ಬೆಟ್ಟಿ. ನಾನೂ ಆ ತೆಪ್ಪ ಅತ್ತಿಲ್ಲ ಕಣವ್ವ ಒಂದ್ ದಿನ್ವೂ."

ಬೋರಯ್ಯನ ಕೈಯಲ್ಲಿ ಹಿಟ್ಟಿನ ಕೋಲು ಹಾಗೇ ಇತ್ತು. "ಅವ್ವಾ! ಅಸಿವು ಅಂದ್ಯಲ್ಲವ್ವ!"

"ನೀನೇ ಅಲ್ವೇನ್ಲಾ ಅನ್ನು ಅಂದಿದ್ದು? ಅಸಿವು ಎಲ್ಲೋಯ್ತದೆ, ಬಂದ್ಮೇಲೂ ಇರ್ತದೆ. ತೆಪ್ಪ ಇರಾಕಿಲ್ಲ."

ಬೆಟ್ಟಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಅತ್ತೆಯ ಒಂದು ರಟ್ಟೆ ತಾನು ಹಿಡಿದು, ಇನ್ನೊಂದನ್ನು ಸೊಸೆಗೆ ಹಿಡಿಸಿ, ತಿರುಗಿ ನೋಡದೆ ಹೊಳೆಗೆ ಇಳಿದಳು. ಹಿಂದಿನಿಂದ ಬೋರಯ್ಯ, "ಉಷಾರು... ನಿಧಾನಕ್ಕೆ..." ಅಂತ ಜೇನಿನ ದನಿಯಲ್ಲೇ ಏನೇನೋ ಅನ್ನುತ್ತಿದ್ದ. ಯಾರ ಮೇಲಾದರೂ ಕೂಗಾಡದಿದ್ದರೆ ಅವನ ಎದೆ ಒಡೆಯುವಂತಿತ್ತು, ಪಾಪ.

ಕರಿಯಯ್ಯ ಪಟ್ಟಲಮ್ಮನನ್ನು ಹಸುಗೂಸಿನ ಹಾಗೆ ಎತ್ತಿ ತೆಪ್ಪದಲ್ಲಿ ಕೂರಿಸಿದ. ಬೆಟ್ಟಮ್ಮ ಸೀರೆ ಎತ್ತಿ ಕಟ್ಟಿ ಹತ್ತಿದಳು. ತೆಪ್ಪ ಓಲಾಡಿತು, ಅವಳ ಜೀವ ಬಾಯಿಗೆ ಬಂತು, ಆಮೇಲೆ ನೀರು ತೆಪ್ಪವನ್ನು ಮೆಲ್ಲಗೆ ಎಳೆದುಕೊಂಡಿತು. ಬೇಸಿಗೆಯ ಹೊಳೆ, ದಂಡೆಯ ಹತ್ತಿರ ಬಂಡೆಗಳೆಲ್ಲ ಬೆನ್ನು ತೋರಿಸಿಕೊಂಡು ಬಿದ್ದಿದ್ದವು, ಮಡುವಿನಲ್ಲಿ ಮಾತ್ರ ತುಂಬು ನೀರು. ಅವಳು ಅದರೊಳಗೆ ಕೈ ಇಳಿಬಿಟ್ಟಳು. ಬೆಳಿಗ್ಗೆಯಿಂದ ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಒದ್ದಾಡುತ್ತಿದ್ದ ಕೈ ಅಲ್ಲಿ ಸುಮ್ಮನಾಯಿತು.

ನಡುಹೊಳೆಯಿಂದ ದಂಡೆ ನೋಡಿದರೆ ನಗು ಬರುತ್ತಿತ್ತು. ಸಾಲು ಮರಗಳು, ಒಂದೊಂದು ಮರದ ಕೆಳಗೂ ಒಂದೊಂದು ಹೊಗೆ, ಒಂದೊಂದು ಹೊಗೆಯ ಮುಂದೂ ಬಗ್ಗಿದ ಒಬ್ಬೊಬ್ಬ ಹೆಂಗಸು. ಅವರದೊಂದು ಮರದ ಕೆಳಗೆ ಮಾತ್ರ ಪಂಚೆ ಎತ್ತಿ ಕಟ್ಟಿದ ಎರಡು ಆಕೃತಿ ಒಲೆಯ ಸುತ್ತ ಓಡಾಡುತ್ತಿದ್ದವು. ಅಷ್ಟು ಸಣ್ಣಗೆ ಕಾಣುವ ಒಂದು ಒಲೆಯ ಮುಂದೆ ತನ್ನ ಇಷ್ಟೂ ವರ್ಷಗಳು ಹೇಗೆ ಹಿಡಿದವು ಅಂತ ಅವಳಿಗೆ ಸೋಜಿಗವಾಯಿತು.

"ಸುತ್ತಿಸ್ಲಾ?" ಅಂದ ಕರಿಯಯ್ಯ.

"ಸುತ್ಸು," ಅಂದಳು ಪಟ್ಟಲಮ್ಮ, ಎಲ್ಲರಿಗಿಂತ ಮೊದಲು.

ಅವನು ಹುಟ್ಟು ಹಾಕಿ ತಿರುಗಿಸಿದ. ಆಕಾಶ, ಮರ, ಬಂಡೆ, ಅರ್ಪಿತಳ ತೆರೆದ ಬಾಯಿ, ಅತ್ತೆಯ ಬೋಡುಬಾಯಿ ಎಲ್ಲ ಒಂದರ ಹಿಂದೆ ಒಂದು ಓಡಿದವು. ಬೆಟ್ಟಮ್ಮ ಕೂಗಿಕೊಂಡಳು. ಹೆದರಿಕೆಗೆ ಶುರುವಾದ ಕೂಗು ನಡುವೆಯೇ ನಗುವಾಗಿ, ನಿಲ್ಲಿಸೋಣವೆಂದರೆ ನಿಲ್ಲದೆ, ಹೊಳೆಯ ಆಚೆ ದಡಕ್ಕೆ ಹೊಡೆದು ವಾಪಸ್ಸು ಬಂತು. ಕಣ್ಣಲ್ಲಿ ನೀರು ಬಂದಿತ್ತು; ಅದು ಹೊಳೆಯ ನೀರೇ ಇರಬೇಕು ಅಂದುಕೊಂಡು ಒರೆಸಿಕೊಳ್ಳಲಿಲ್ಲ. ಅಯ್ಯಪ್ಪಾ, ಇದನ್ನು ಬಿಟ್ಟು ಮುದ್ದೆ ಕಟ್ಟುತ್ತಿದ್ದೆನಲ್ಲ!

ದಂಡೆಗೆ ಬಂದಾಗ ಊಟ ಸಿದ್ಧವಾಗಿತ್ತು, ಅಥವಾ ಗಂಡಸರು ಇನ್ನು ಸಾಕು ಅಂತ ಕೈಬಿಟ್ಟಿದ್ದರು. ವಾಡಿಕೆಯ ಹಾಗೆ ಗಂಡಸರು ಮೊದಲು ಕೂರಬೇಕು. ಬೋರಯ್ಯ ಮಾತ್ರ, "ನೀವು ಮೊದ್ಲು ಕುಂತ್ಕಳಿ," ಅಂದ. ತಾನು ಬೇಯಿಸಿದ್ದನ್ನು ತಾನೇ ಮೊದಲು ಬಾಯಿಗಿಡುವ ಧೈರ್ಯ ಇರಲಿಲ್ಲವೋ ಏನೋ. ಮೂವರು ಹೆಂಗಸರು ಬಾಳೆಎಲೆಯ ಮುಂದೆ ಕೂತರು. ಬೋರಯ್ಯ ಮುದ್ದೆ ಇಟ್ಟ, ಅದು ಉರುಳಿ ಎಲೆಯ ತುದಿಗೆ ಹೋಯಿತು. ಸಾರು ಬಿಟ್ಟ, ಅದು ಮುದ್ದೆಯನ್ನು ಹುಡುಕಿಕೊಂಡು ಹೋಯಿತು.

ಹಸಿದಿದ್ದರು, ಉಂಡರು. ಪಟ್ಟಲಮ್ಮ ತೆಪ್ಪ ತಿರುಗಿದ್ದು ಎಡಕ್ಕೆ ಅಂದಳು. ಇಲ್ಲ ಬಲಕ್ಕೆ ಅಂದಳು ಬೆಟ್ಟಮ್ಮ. ಅಜ್ಜಿ ಹುಟ್ಟನ್ನೇ ಹಿಡಿಯಲು ಹೋದದ್ದನ್ನು ಅರ್ಪಿತ ಮಾಡಿ ತೋರಿಸಿದಳು. ಬೆಟ್ಟಮ್ಮ ನಗುತ್ತಾ, ಮುರಿದು ಮುರಿದು ನುಂಗುತ್ತಾ, ಹೊಳೆಯ ಕಡೆ ನೋಡುತ್ತಾ, ಮೂಳೆ ಚೀಪಿ ಎಲೆಯ ಬದಿಗೆ ಇಟ್ಟಳು. ಅರ್ಧ ಮುದ್ದೆ ಮುಗಿದಿತ್ತು.

"ಎಂಗದೆ?"

ಬೆಟ್ಟಮ್ಮ ತಲೆ ಎತ್ತಿದಳು. ಬೋರಯ್ಯ ಸಾರಿನ ಸೌಟು ಹಿಡಿದುಕೊಂಡು ಅವಳ ಎಲೆಯ ಮುಂದೆಯೇ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮುಖವೆಲ್ಲ ಮಸಿ, ಮೀಸೆಯ ಒಂದು ತುದಿ ಸೀದಿತ್ತು.

"ಏನು?" ಅಂದಳು.

ಅಂದವಳ ಕೈ ಎಲೆಯ ಮೇಲೇ ನಿಂತಿತು. ಈ 'ಏನು' ಅವಳದಲ್ಲ. ಮದುವೆಯಾದಾಗಿನಿಂದ ಅವಳು ಬಡಿಸಿ, ಸೌಟು ಹಿಡಿದು ನಿಂತು, "ಎಂಗದೆ?" ಅಂತ ಕೇಳಿದಾಗಲೆಲ್ಲ ಆ ಗಂಡಸು ಎಲೆಯಿಂದ ತಲೆ ಎತ್ತಿ ಇದೇ ಮಾತು ಅಂದಿದ್ದಾನೆ. ಕೊನೆಗೆ ಕೇಳುವುದನ್ನೇ ಬಿಟ್ಟಿದ್ದಳು. ಚೆನ್ನಾಗಿದೆ ಅಂದರೆ ಇವನ ಗಂಟೇನು ಹೋಗುತ್ತದೋ, ಎಷ್ಟು ಜಂಭ ನೋಡು ಅಂತ ಅವಳು ಎಷ್ಟು ಸಲ ಒಳಗೊಳಗೇ ಶಾಪ ಹಾಕಿದ್ದಾಳೋ ಲೆಕ್ಕವಿಲ್ಲ. ಜಂಭವೇ ಅಲ್ಲವಲ್ಲ ಅದು. ಅವನಿಗೆ ನಿಜಕ್ಕೂ ಯಾವುದರ ಬಗ್ಗೆ ಕೇಳುತ್ತಿದ್ದಾಳೆ ಅನ್ನುವುದೇ ಗೊತ್ತಾಗಿರಲಿಲ್ಲ. ಕೂತು ಉಣ್ಣುವವರಿಗೆ ಊಟ ತಾನಾಗಿ ಎಲೆಗೆ ಬಂದಿರುತ್ತದೆ. ಅರ್ಧ ಮುದ್ದೆ ಮುಗಿಸಿದರೂ ಅದನ್ನು ಯಾರೋ ಬೇಯಿಸಿದ್ದಾರೆ ಅನ್ನುವುದು ಅವಳಿಗೇ ಹೊಳೆದಿರಲಿಲ್ಲ. ಇದು ತಿಳಿದ ಮೇಲೆ ಸಮಾಧಾನವಾಗಬೇಕಿತ್ತು. ಹೊಟ್ಟೆ ಉರಿಯಿತು. ಜಂಭವಾಗಿದ್ದರೆ ಬೈದಾದರೂ ಬೈಯಬಹುದಿತ್ತು.

ಬೋರಯ್ಯ ಇನ್ನೂ ನಿಂತಿದ್ದ. ಆಮೇಲೆ, "ಏನಿಲ್ಲ ಬುಡು," ಅಂತ ಪಾತ್ರೆಯ ಕಡೆ ತಿರುಗಿದ. ಆ ತಿರುಗುವುದೂ ಬೆಟ್ಟಮ್ಮನಿಗೆ ಚೆನ್ನಾಗಿ ಗೊತ್ತಿದ್ದದ್ದೇ.

"ನಿಂತ್ಕಳಿ," ಅಂದಳು. "ಸಾರು ಚೆನ್ನಾಗದೆ."

ಬೋರಯ್ಯ ತಿರುಗಿದ. "ಆಂ?"

"ಚೆನ್ನಾಗದೆ ಅಂದೆ. ಉಪ್ಪು ಒಸಿ ಮುಂದು. ಇಟ್ಟಲ್ಲಿ ಗಂಟವೆ. ಆದ್ರೆ ಚೆನ್ನಾಗದೆ."

ಬೋರಯ್ಯನ ಮಸಿ ಹಿಡಿದ ಮುಖ ಕಿವಿಯಿಂದ ಕಿವಿಗೆ ಹರಡಿಕೊಂಡಿತು. ಸೌಟನ್ನು ಎತ್ತಿ ಹಿಡಿದು, "ಲೋ ಸಿದ್ದಾ! ಚೆನ್ನಾಗದಂತೆ ಕಣ್ಲಾ!" ಅಂತ ಹೊಳೆಯೇ ಅದುರುವ ಹಾಗೆ ಕೂಗಿದ. ಒಲೆಯ ಹತ್ತಿರ ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದ ಮರಿಸಿದ್ದಯ್ಯ ಎದ್ದು ಕುಂಟಿಕೊಂಡು ಬಂದ. ಬೋರಯ್ಯ ಅವನಿಗೂ ಹೇಳಿದ, ಮಗನಿಗೂ ಹೇಳಿದ, ಪಕ್ಕದ ಮರದ ಕೆಳಗಿನ ಗುರುತಿಲ್ಲದವರಿಗೂ ಹೇಳಿದ.

ಬೆಟ್ಟಮ್ಮ ನೋಡುತ್ತಾ ಕೂತಳು. ಒಂದು ಮಾತಿಗೆ ಮನುಷ್ಯ ಇಷ್ಟೊಂದು ಹಿಗ್ಗುತ್ತಾನೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ, ಅವಳಿಗೆ ಯಾರೂ ಅಂದಿರಲಿಲ್ಲ. ಬೋರಯ್ಯ ಹಿಗ್ಗಿಕೊಂಡು ಅವಳ ಎಲೆಯ ಮುಂದಕ್ಕೇ ವಾಪಸ್ಸು ಬಂದ.

"ಇನ್ನೇನ್ ಬೇಕಮ್ಮಿ?" ಅಂದ.

ತನಗೂ ಬೇಕಾಗಿದ್ದ ಆ ಒಂದು ಮಾತನ್ನು ಕೇಳಲು ಅವಳು ಬಾಯಿ ತೆರೆದಳು. ಅದು ಕೇಳಿ ತೆಗೆದುಕೊಳ್ಳುವ ಪದಾರ್ಥವಲ್ಲ ಅನ್ನಿಸಿ, ಎಲೆಯನ್ನು ಸ್ವಲ್ಪ ಮುಂದೆ ಸರಿಸಿದಳು.

"ಇನ್ನರ್ದ ಮುದ್ದೆ ಆಕಿ," ಅಂದಳು.